ಸುಣ್ಣಕಲ್ಲಿನ ಬೆಟ್ಟಗಳ ನಡುವೆ ಬೆರುವಾ

ಬೆರುವಾ ನೋಡಬೇಕೆಂದರೆ ದೋಣಿ ಹತ್ತಬೇಕು. ಇಂಡೊನೇಷ್ಯಾದ ಸುಲಾವೆಸಿ ದ್ವೀಪದ ನೈಋತ್ಯದಲ್ಲಿರುವ ಮಕಾಸ್ಸರ್ ನಗರದಿಂದ ಉತ್ತರಕ್ಕೆ ಸುಮಾರು 40 ಕಿ.ಮೀ. ಸಾಗಿದರೆ ಮಾರೋಸ್ ಜಿಲ್ಲೆಯ ಸಾಲೆನ್‌ರಾಂಗ್ ಗ್ರಾಮ. ಅಲ್ಲಿಯ ಪುಟ್ಟ ದೋಣಿಕಟ್ಟೆಯಲ್ಲಿ ಮೋಟಾರು ಕೂರಿಸಿದ ಕಿರಿದಾದ ಮರದ ದೋಣಿಗಳು ಕಾದಿರುತ್ತವೆ. ಪುಟೆ ಎಂಬ ಹೊಳೆಯಲ್ಲಿ ಒಂದಿಷ್ಟು ಹೊತ್ತು ಮೇಲಕ್ಕೆ ಹೋದರೆ ಊರು ಬರುತ್ತದೆ. ಈ ಇಡೀ ಪ್ರದೇಶಕ್ಕೆ ರಮ್ಮಾಂಗ್-ರಮ್ಮಾಂಗ್ ಎಂದು ಹೆಸರು.

ಹೊಳೆಯ ನೀರು ಅರ್ಧ ಸಿಹಿ, ಅರ್ಧ ಉಪ್ಪು. ಸಮುದ್ರದ ಉಬ್ಬರ ಇಲ್ಲಿಯವರೆಗೂ ಏರಿ ಬರುವುದರಿಂದ ದಡದುದ್ದಕ್ಕೂ ಕಾಂಡ್ಲಾ ಗಿಡಗಳು, ನೀಪಾ ತಾಳೆಯ ಹಿಂಡು. ನೀಪಾದ ಕಾಂಡ ಕಣ್ಣಿಗೆ ಬೀಳುವುದೇ ಇಲ್ಲ; ಕೆಸರಿನಿಂದ ಗರಿಗಳೇ ನೇರ ಎದ್ದು ನಿಂತಿರುತ್ತವೆ. ಆ ಗರಿ ಹೆಣೆದು ಮಾಡು ಹೊದಿಸುವುದು ಈ ಭಾಗದ ಹಳೆಯ ರೂಢಿ. ಹೊಳೆ ತಿರುಗಿದಂತೆ ನೀರಿನಲ್ಲೇ ಕಪ್ಪು ಬಂಡೆಗಳು ನಿಂತಿರುವುದು ಕಾಣುತ್ತದೆ. ಅವುಗಳ ಬುಡ ಸವೆದು ನಡು ಸಣ್ಣದಾಗಿದೆ, ಮೇಲ್ಭಾಗ ದಪ್ಪವಾಗಿಯೇ ಉಳಿದಿದೆ. ನೀರು ಕಲ್ಲನ್ನು ತಿನ್ನುವುದು ಇಲ್ಲಿ ಪುಸ್ತಕದ ಮಾತಲ್ಲ, ಕೈಗೆಟುಕುವ ದೂರದಲ್ಲಿ ಕಾಣುವ ಸಂಗತಿ.

ಆಮೇಲೆ ಗಿಡಗಳ ಗೋಡೆ ಸರಿದು ಬಯಲು ತೆರೆದುಕೊಳ್ಳುತ್ತದೆ. ಭತ್ತದ ಗದ್ದೆ, ಮೀನಿನ ಹೊಂಡ, ಅವುಗಳ ನಡುವೆ ಬದುವಿನ ದಾರಿ, ಕಂಬಗಳ ಮೇಲೆ ನಿಂತ ಬೆರಳೆಣಿಕೆಯ ಮನೆಗಳು. ಸುತ್ತ ಎತ್ತ ತಿರುಗಿದರೂ ನೆಲದಿಂದ ನೆಟ್ಟಗೆ ಎದ್ದ ಸುಣ್ಣಕಲ್ಲಿನ ಬೆಟ್ಟಗಳು. ಇಳಿಜಾರು ಎಂಬುದಿಲ್ಲ; ಗದ್ದೆ ಮುಗಿದಲ್ಲಿಯೇ ಗೋಡೆ ಶುರು. ಯಾಣದ ಭೈರವೇಶ್ವರ ಶಿಖರವನ್ನು ಬುಡದಲ್ಲಿ ನಿಂತು ನೋಡಿದವರು ಅಂಥ ಕಲ್ಲುಗಳೇ ಸಾಲುಸಾಲಾಗಿ ಊರನ್ನು ಸುತ್ತುವರಿದಿರುವುದನ್ನು ಊಹಿಸಿಕೊಳ್ಳಬಹುದು.

ಮನೆಗಳು ಬುಗಿಸ್ ಮತ್ತು ಮಕಾಸ್ಸರ್ ಜನರ ಪದ್ಧತಿಯವು. ಸೂರಿನಡಿಯ ಅಟ್ಟ ಧಾನ್ಯಕ್ಕೆ, ನಡುವಿನ ಅಂತಸ್ತು ವಾಸಕ್ಕೆ, ಕಂಬಗಳ ನಡುವಿನ ಕೆಳಗಿನ ಜಾಗ ಕೋಳಿ, ಬಲೆ, ನೇಗಿಲುಗಳಿಗೆ. ಮಳೆಗಾಲದಲ್ಲಿ ನೀರು ಏರುವ ತಗ್ಗು ನೆಲಕ್ಕೆ ಇದಕ್ಕಿಂತ ಜಾಣತನದ ಮನೆ ಬೇರೆ ಇರಲಾರದು. ಜನರಿಗೆ ಬೇಸಾಯವೂ ಇದೆ, ಮೀನೂ ಇದೆ. ಹೊಂಡಗಳಲ್ಲಿ ಹೂಮೀನು ಮತ್ತು ಸಿಗಡಿ ಸಾಕುತ್ತಾರೆ.

ಈ ಬೆಟ್ಟಗಳು ಒಂದು ಕಾಲಕ್ಕೆ ಸಮುದ್ರದ ತಳ. ಇಯೋಸೀನ್ ಯುಗದಿಂದ ಮಯೋಸೀನ್ ಯುಗದ ನಡುಭಾಗದವರೆಗೆ, ಕೋಟಿಗಟ್ಟಲೆ ವರ್ಷ, ಆಳವಿಲ್ಲದ ಬೆಚ್ಚಗಿನ ಕಡಲಿನಲ್ಲಿ ಹವಳ, ಚಿಪ್ಪು, ಸೂಕ್ಷ್ಮಜೀವಿಗಳ ಕವಚಗಳು ಪದರಪದರವಾಗಿ ಬಿದ್ದು ಕಲ್ಲಾದವು. ನೆಲ ಮೇಲೆದ್ದ ಬಳಿಕ ಮಳೆಯ ಕೆಲಸ ಶುರುವಾಯಿತು. ಗಾಳಿಯ ಮತ್ತು ಮಣ್ಣಿನ ಇಂಗಾಲದ ಡೈಆಕ್ಸೈಡ್ ಬೆರೆತ ಮಳೆನೀರು ತುಸು ಆಮ್ಲೀಯವಾಗುತ್ತದೆ. ಅದು ಬಿರುಕುಗಳಲ್ಲಿ ಇಳಿದು ಸುಣ್ಣಕಲ್ಲನ್ನು ಕರಗಿಸುತ್ತಾ ಹೋಗುತ್ತದೆ. ಉಷ್ಣವಲಯದ ಧಾರಾಕಾರ ಮಳೆಗೆ ಈ ಕೆಲಸ ಬೇಗ. ಬಿರುಕುಗಳು ಅಗಲವಾಗಿ ಕಣಿವೆಗಳಾಗುತ್ತವೆ, ಕರಗದೆ ಉಳಿದದ್ದು ಗೋಪುರದಂತೆ ನಿಲ್ಲುತ್ತದೆ. ಇಂಥ ಭೂರೂಪಕ್ಕೆ ಕಾರ್ಸ್ಟ್ ಎನ್ನುತ್ತಾರೆ. ಮಾರೋಸ್ ಮತ್ತು ಪಕ್ಕದ ಪಾಂಗ್ಕೆಪ್ ಜಿಲ್ಲೆಗಳಲ್ಲಿ ಹರಡಿದ ಈ ಬೆಟ್ಟಸಾಲಿಗೆ 2023ರಲ್ಲಿ ಯುನೆಸ್ಕೊ ಜಾಗತಿಕ ಜಿಯೋಪಾರ್ಕ್ ಮಾನ್ಯತೆ ಸಿಕ್ಕಿತು. ಅದಕ್ಕೂ ಮೊದಲು, 2004ರಲ್ಲಿ, ಬಂತಿಮುರುಂಗ್ ಬುಲುಸಾರಾಂಗ್ ರಾಷ್ಟ್ರೀಯ ಉದ್ಯಾನ ಸ್ಥಾಪನೆಯಾಗಿತ್ತು. ಈ ಸೀಮೆಯ ಚಿಟ್ಟೆಗಳಂತೂ ಬಹಳ ಹಿಂದೆಯೇ ಹೆಸರಾಗಿದ್ದವು. ಪ್ರಕೃತಿ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ 1857ರಲ್ಲಿ ಮಾರೋಸ್‌ನಲ್ಲಿ ತಿಂಗಳುಗಟ್ಟಲೆ ತಂಗಿ ಅವುಗಳನ್ನು ಸಂಗ್ರಹಿಸಿದ್ದರು.

ಹೊರಗಿನಿಂದ ಗಟ್ಟಿಯಾಗಿ ಕಾಣುವ ಈ ಬೆಟ್ಟಗಳ ಒಳಗೆಲ್ಲ ಪೊಳ್ಳು. ಅವು ಮಳೆನೀರನ್ನು ನುಂಗಿ, ಒಳದಾರಿಗಳಲ್ಲಿ ಹರಿಸಿ, ಬುಡದಲ್ಲಿ ಊಟೆಯಾಗಿ ಹೊರಬಿಡುತ್ತವೆ. ಮಳೆ ನಿಂತ ಮೇಲೂ ಕೆಳಗಿನ ಹೊಳೆ, ಗದ್ದೆಗಳಿಗೆ ನೀರು ಒಸರುವುದು ಇದರಿಂದ. ಬೆಟ್ಟ ಹೋದರೆ ನೀರಿನ ಈ ಉಗ್ರಾಣವೂ ಹೋಗುತ್ತದೆ.

ಆ ಪೊಳ್ಳುಗಳಲ್ಲಿ ಇನ್ನೊಂದು ಸಂಪತ್ತಿದೆ. 1950ರಲ್ಲಿ ಡಚ್ ಪುರಾತತ್ತ್ವಜ್ಞರು ಮಾರೋಸ್‌ನ ಲೆಯಾಂಗ್-ಲೆಯಾಂಗ್ ಗುಹೆಗಳಲ್ಲಿ ಕೈ ಅಚ್ಚುಗಳನ್ನೂ ಹಂದಿಯ ಚಿತ್ರವನ್ನೂ ಗುರುತಿಸಿದರು. ಅಂಗೈಯನ್ನು ಗೋಡೆಗೆ ಒತ್ತಿ, ಅದರ ಸುತ್ತ ಕೆಮ್ಮಣ್ಣಿನ ಬಣ್ಣ ಊದಿ ಮಾಡಿದ ಅಚ್ಚುಗಳು ಅವು. ಉಷ್ಣವಲಯದ ಹಸಿ ಗೋಡೆಯ ಮೇಲೆ ಬಣ್ಣ ಬಹುಕಾಲ ನಿಲ್ಲಲಾರದು ಎಂದುಕೊಂಡು, ಅವು ಹತ್ತು ಸಾವಿರ ವರ್ಷಕ್ಕಿಂತ ಹಳೆಯವಲ್ಲ ಎಂದೇ ದಶಕಗಳ ಕಾಲ ನಂಬಲಾಗಿತ್ತು. 2014ರಲ್ಲಿ ಮ್ಯಾಕ್ಸಿಮ್ ಓಬೆರ್, ಆಡಮ್ ಬ್ರಮ್ ಮತ್ತು ಅವರ ಇಂಡೊನೇಷ್ಯಾದ ಸಹೋದ್ಯೋಗಿಗಳು ಆ ನಂಬಿಕೆಯನ್ನು ಮುರಿದರು. ಚಿತ್ರದ ಮೇಲೆ ಕಾಲಾಂತರದಲ್ಲಿ ಸುಣ್ಣದ ತೆಳು ಹೊಪ್ಪಳೆ ಬೆಳೆಯುತ್ತದೆ. ಅದರಲ್ಲಿರುವ ಯುರೇನಿಯಂ ಗೊತ್ತಾದ ವೇಗದಲ್ಲಿ ಥೋರಿಯಂ ಆಗುತ್ತಾ ಹೋಗುವುದರಿಂದ ಹೊಪ್ಪಳೆಯ ವಯಸ್ಸನ್ನು ಲೆಕ್ಕ ಹಾಕಬಹುದು. ಅಡಿಯಲ್ಲಿರುವ ಚಿತ್ರ ಅದಕ್ಕಿಂತ ಹಳೆಯದೇ ಆಗಿರಬೇಕು. ಲೆಯಾಂಗ್ ತಿಂಪುಸೆಂಗ್ ಗುಹೆಯ ಕೈ ಅಚ್ಚಿಗೆ ಬಂದ ಉತ್ತರ: ಕನಿಷ್ಠ 39,900 ವರ್ಷ.

ಆಮೇಲೆ ಲೆಕ್ಕ ಹಿಂದೆ ಹಿಂದೆ ಸರಿಯುತ್ತಲೇ ಹೋಯಿತು. ಲೆಯಾಂಗ್ ಟೆಡೊಂಗ್ಙೆ ಗುಹೆಯ ಕಾಡುಹಂದಿಗೆ ಕನಿಷ್ಠ 45,500 ವರ್ಷ ಎಂದು 2021ರಲ್ಲಿ ಪ್ರಕಟವಾಯಿತು. ಲೆಯಾಂಗ್ ಕರಂಪುವಾಂಗ್ ಗುಹೆಯಲ್ಲಿ ಒಂದು ಹಂದಿ, ಅದರ ಸುತ್ತ ಮನುಷ್ಯರಂಥ ಮೂರು ಆಕೃತಿಗಳಿವೆ; ಅದಕ್ಕೆ ಕನಿಷ್ಠ 51,200 ವರ್ಷ ಎಂದು 2024ರಲ್ಲಿ ತಿಳಿಯಿತು. ಹಂದಿಯನ್ನು ಬರೆದು ನಿಲ್ಲಿಸದೆ, ಅದರೊಡನೆ ಏನೋ ಮಾಡುತ್ತಿರುವವರನ್ನೂ ಬರೆದಿದ್ದಾರೆ. ಅಂದರೆ ಅಲ್ಲೊಂದು ಕತೆಯಿದೆ. ಗುಹಾಚಿತ್ರವೆಂದರೆ ಫ್ರಾನ್ಸ್, ಸ್ಪೇನ್ ಎಂದೇ ಶಾಲೆಯಲ್ಲಿ ಓದಿದ ನಮ್ಮ ತಲೆಮಾರು ಹೊಸದಾಗಿ ಕಲಿಯಬೇಕಾದ ಪಾಠ ಇದು. ಮನುಷ್ಯ ಕತೆ ಹೇಳಲು ಕಲಿತದ್ದು ಯುರೋಪಿನಲ್ಲಿ ಎಂದು ಇನ್ನು ಯಾರೂ ಹೇಳುವಂತಿಲ್ಲ.

ಆದರೆ ಸುಣ್ಣಕಲ್ಲಿಗೆ ಸಿಮೆಂಟಿನ ಬೆಲೆಯೂ ಇದೆ. ಇದು ಕನ್ನಡಿಗರಿಗೆ ಹೊಸ ಮಾತಲ್ಲ. ನಮ್ಮ ಎಷ್ಟೋ ಮನೆಗಳಿಗೆ ಹಾಸಿದ ಶಹಾಬಾದ್ ಕಲ್ಲು ಸುಣ್ಣಕಲ್ಲೇ. ವಾಡಿ, ಸೇಡಂಗಳ ಕಾರ್ಖಾನೆಗಳು ನಿಂತಿರುವುದೂ ಅದರ ಮೇಲೆಯೇ. ಮಾರೋಸ್-ಪಾಂಗ್ಕೆಪ್‌ನ ಸುಣ್ಣಕಲ್ಲಿನ ಪದರಕ್ಕೆ ಭೂವಿಜ್ಞಾನಿಗಳು ಇಟ್ಟ ಹೆಸರು ಟೊನಾಸಾ. 1968ರಲ್ಲಿ ಅಲ್ಲಿ ಸ್ಥಾಪನೆಯಾದ ಸಿಮೆಂಟ್ ಕಂಪನಿಯ ಹೆಸರೂ ಟೊನಾಸಾ. ಬೇಟೆಯ ಹೆಸರಾಂತ ಚಿತ್ರವಿರುವ ಬುಲು ಸಿಪೊಂಗ್ ಬೆಟ್ಟ ಇರುವುದು ಸಿಮೆಂಟ್ ಗಣಿಯ ಜಮೀನಿನೊಳಗೆ. ಹಗ್ಗವೋ ಈಟಿಯೋ ಹಿಡಿದ ಸಣ್ಣ ಆಕೃತಿಗಳು ಹಂದಿ ಮತ್ತು ಅನೋವಾ ಎಂಬ ಕುಳ್ಳ ಕಾಡೆಮ್ಮೆಗಳನ್ನು ಸುತ್ತುವರಿದ ಚಿತ್ರ ಅದು.

ಎರಡು ಸಾವಿರದ ಮೊದಲ ದಶಕದ ಕೊನೆಯ ಹೊತ್ತಿಗೆ ಗಣಿಯ ಕಣ್ಣು ರಮ್ಮಾಂಗ್-ರಮ್ಮಾಂಗ್‌ನ ಬೆಟ್ಟಗಳ ಮೇಲೂ ಬಿತ್ತು. ಕಂಪನಿಗಳಿಗೆ ಪರವಾನಗಿ ಸಿಕ್ಕಿತು. ಊರವರಲ್ಲಿ ಎಲ್ಲರೂ ಒಂದೇ ಕಡೆ ಇರಲಿಲ್ಲ. ಗಣಿ ಬಂದರೆ ಕೂಲಿ ಸಿಗುತ್ತದೆ ಎಂಬ ಆಸೆ ಬಡವರಿಗೆ ಹುಟ್ಟುವುದು ಸಹಜ. ಅದನ್ನು ತಪ್ಪೆನ್ನಲು ನನಗೆ ಮನಸ್ಸು ಬಾರದು. ಆದರೂ ವರ್ಷಗಳ ಪ್ರತಿಭಟನೆಯ ಬಳಿಕ ಪರವಾನಗಿಗಳು ರದ್ದಾದವು. ಆ ಹೋರಾಟದ ಮುಂಚೂಣಿಯಲ್ಲಿದ್ದ, ಇವಾನ್ ಡೆಂಟೊ ಎಂದೇ ಹೆಸರಾದ ಮುಹಮ್ಮದ್ ಇಖ್ವಾನ್ ಅವರಿಗೆ 2023ರಲ್ಲಿ ಇಂಡೊನೇಷ್ಯಾ ಸರ್ಕಾರ ತನ್ನ ಪರಿಸರ ಪ್ರಶಸ್ತಿಯಾದ ಕಲ್ಪತರುವನ್ನು ನೀಡಿತು.

ಬೆಟ್ಟ ಒಡೆಯಬೇಡಿ ಎಂದರೆ ಸಾಲದು, ಒಡೆಯದ ಬೆಟ್ಟದಿಂದ ಊಟ ಹೇಗೆ ಎಂಬುದಕ್ಕೂ ಉತ್ತರ ಬೇಕು. ಬೆರುವಾದ ಜನ ಕಂಡುಕೊಂಡ ಉತ್ತರ ಪ್ರವಾಸ. ದೋಣಿ ನಡೆಸುವವರು, ದಾರಿ ತೋರಿಸುವವರು, ತಂಗಲು ಮನೆ ಕೊಡುವವರು, ಎಳನೀರು ಮಾರುವವರು ಊರವರೇ. ಬಂದವರ ದುಡ್ಡು ದೊಡ್ಡ ಹೋಟೆಲಿನ ಪಾಲಾಗದೆ ಊರಿನಲ್ಲೇ ಉಳಿಯುತ್ತದೆ. ಗದ್ದೆ ಉಳುಮೆಯೂ ನಿಂತಿಲ್ಲ. ಪ್ರವಾಸಕ್ಕಾಗಿಯೇ ಕಟ್ಟಿದ ಊರುಗಳಲ್ಲಿ ಕಾಣುವ ಕೃತಕತೆ ಇಲ್ಲಿಗೆ ಬಾರದಿರಲು ಇದೇ ಕಾರಣ ಎಂದು ನನಗನಿಸುತ್ತದೆ.

ಹೋಗುವವರಿಗೆ ಕೆಲವು ಮಾತು. ಜಕಾರ್ತಾ ಅಥವಾ ಬಾಲಿಯ ಮೂಲಕ ಮಕಾಸ್ಸರ್‌ಗೆ ವಿಮಾನವಿದೆ. ವಿಮಾನ ನಿಲ್ದಾಣ ಇರುವುದು ಮಾರೋಸ್ ಕಡೆಗೇ, ಹಾಗಾಗಿ ನಗರಕ್ಕೆ ಹೋಗದೆಯೂ ನೇರ ಇಲ್ಲಿಗೆ ಬರಬಹುದು. ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಜಡಿಮಳೆ. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಓಡಾಟ ಸಲೀಸು. ಬೆಳಗ್ಗೆ ಬೇಗ ದೋಣಿ ಹತ್ತಿದರೆ ಬೆಟ್ಟಗಳಿಗೆ ಮಂಜು ಕವಿದಿರುವಾಗಲೇ ತಲುಪುತ್ತೀರಿ, ಬಿಸಿಲಿನ ಝಳವೂ ತಪ್ಪುತ್ತದೆ. ಮಾರೋಸ್ ಪೇಟೆಯಲ್ಲಿ ಒಳಗೆ ತೆಂಗಿನಹಾಲು-ಮೊಟ್ಟೆಯ ಸಿಹಿ ಹೂರಣ ಹಚ್ಚಿದ ಮೆತ್ತನೆಯ ರೊಟ್ಟಿ ಸಿಗುತ್ತದೆ. ಊರಿಗೇ ಹೆಸರು ತಂದ ತಿನಿಸು, ಬಿಸಿಬಿಸಿ ಇರುವಾಗಲೇ ತಿನ್ನಿ.

ಗುಹೆಗಳ ವಿಷಯದಲ್ಲಿ ಮಾತ್ರ ತುಂಬ ಎಚ್ಚರ ಬೇಕು. ಐವತ್ತು ಸಾವಿರ ವರ್ಷ ತಾಳಿಕೊಂಡ ಚಿತ್ರಗಳು ಈಗ ಹಕ್ಕಳೆಹಕ್ಕಳೆಯಾಗಿ ಉದುರುತ್ತಿವೆ. ಗೋಡೆಯೊಳಗೆ ಉಪ್ಪಿನ ಹರಳುಗಳು ಬೆಳೆದು ಕಲ್ಲಿನ ಮೈಯನ್ನೇ ಎಬ್ಬಿಸುತ್ತಿವೆ, ಹವಾಮಾನ ಬದಲಾವಣೆಯಿಂದ ಅದು ಇನ್ನಷ್ಟು ಬಿರುಸಾಗುತ್ತಿದೆ ಎಂದು 2021ರ ಅಧ್ಯಯನವೊಂದು ತೋರಿಸಿದೆ. ಹಾಗಾಗಿ ಊರಿನ ಮಾರ್ಗದರ್ಶಿಯಿಲ್ಲದೆ ಗುಹೆ ಹೊಗಬೇಡಿ, ಗೋಡೆ ಮುಟ್ಟಬೇಡಿ, ಆ ಕೈ ಅಚ್ಚುಗಳ ಮೇಲೆ ನಿಮ್ಮ ಕೈಯಿಟ್ಟು ಅಳತೆ ನೋಡುವ ಆಸೆಯನ್ನು ದಯವಿಟ್ಟು ತಡೆದುಕೊಳ್ಳಿ.