ಮನೆಯ ಮೊದಲ ವೈದ್ಯೆ

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ವೈದ್ಯಕೀಯ ಕಾಲೇಜಿದೆ, ದೊಡ್ಡ ಆಸ್ಪತ್ರೆಯಿದೆ. ಆದರೆ ತಿಕೋಟಾ, ಬಬಲೇಶ್ವರ ಕಡೆಯ ತೋಟದ ವಸ್ತಿಯಲ್ಲಿ ನಡುರಾತ್ರಿ ಕೂಸಿಗೆ ವಾಂತಿ-ಭೇದಿ ಹತ್ತಿದರೆ ಮೊದಲ ವೈದ್ಯೆ ತಾಯಿಯೇ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸಕ್ಕರೆಯಲ್ಲಿನ ಗ್ಲೂಕೋಸ್ ಕರುಳಿನ ಗೋಡೆ ದಾಟುವಾಗ ಉಪ್ಪಿನ ಅಂಶವನ್ನೂ, ಅದರ ಹಿಂದೆ ನೀರನ್ನೂ ಒಳಗೆ ಎಳೆದೊಯ್ಯುತ್ತದೆ. ಇಷ್ಟು ಬಲ್ಲ ತಾಯಿ ಆಸ್ಪತ್ರೆ ಮುಟ್ಟುವವರೆಗೆ ಕೂಸಿನ ಜೀವ ಹಿಡಿದಿಡಬಲ್ಲಳು.

ಇಂಥ ತಿಳಿವಳಿಕೆ ಊರೊಳಗೆ ಬರುವುದು ಹೇಗೆ? 1989ರಲ್ಲಿ ರಾಜ್ಯದಲ್ಲಿ ಮಹಿಳಾ ಸಮಖ್ಯಾ ಕಾರ್ಯಕ್ರಮ ಆರಂಭವಾದದ್ದು ಬೀದರ, ಮೈಸೂರು ಮತ್ತು ಅಂದಿನ ಬಿಜಾಪುರ ಜಿಲ್ಲೆಗಳಲ್ಲಿ. ಅಲ್ಲಿ ಪಾಟಿ-ಪುಸ್ತಕ ಮೊದಲು ಬರಲಿಲ್ಲ. ಬಡ ಹೆಣ್ಣುಮಕ್ಕಳು ಸಂಘ ಕಟ್ಟಿ ಕೂತು ಕೂಲಿ, ಕುಡಿಯುವ ನೀರು, ಬಾಣಂತನಗಳ ಮಾತಾಡಿದರು. ಆ ಮಾತಿನಿಂದಲೇ ಅಕ್ಷರದ ಹಸಿವು ಹುಟ್ಟಿತು. ಶಾಲೆ ತಪ್ಪಿದ ಬಾಲೆಯರಿಗೆ ವಸತಿ ಶಿಕ್ಷಣ ಕೇಂದ್ರಗಳೂ ಆದವು.

ಹೆಣ್ಣಿನ ಓದು ನಿಂತರೆ ವೈದ್ಯವೂ ನಿಲ್ಲುತ್ತದೆ ಎಂಬುದಕ್ಕೆ ಅಫ್ಘಾನಿಸ್ತಾನವೇ ಸಾಕ್ಷಿ. ಅಲ್ಲಿ 2021ರಲ್ಲಿ ಆರನೇ ತರಗತಿಯ ಮುಂದಿನ ಶಾಲೆ ಹುಡುಗಿಯರಿಗೆ ಮುಚ್ಚಿತು. 2024ರ ಡಿಸೆಂಬರಿನಲ್ಲಿ ನರ್ಸ್, ಸೂಲಗಿತ್ತಿಯರ ತರಬೇತಿಗೂ ತಡೆ ಬಿತ್ತು. ನಾಳೆ ಅಲ್ಲಿ ಹೆರಿಗೆ ಮಾಡಿಸುವವರು ಯಾರು?

ನಮ್ಮಲ್ಲಿ ಸರ್ಕಾರ ಬಾಗಿಲು ಮುಚ್ಚಿಲ್ಲ. ಬಾಗಿಲು ಹಾಕುವವರು ನಾವೇ. 2011ರ ಜನಗಣತಿಯಲ್ಲಿ ರಾಜ್ಯದ ಮಹಿಳಾ ಸಾಕ್ಷರತೆ ಶೇ. 68 ಇದ್ದರೆ, ನಮ್ಮ ಜಿಲ್ಲೆಯದು ಸುಮಾರು ಶೇ. 57. ಏಳನೆಯ ತರಗತಿ ಮುಗಿಸಿದ ಮಗಳಿಗೆ ವರ ಹುಡುಕುವುದನ್ನು ಬಿಟ್ಟು, ಎಂಟನೆಯದಕ್ಕೆ ಹೆಸರು ಹಚ್ಚಿಸಿರಿ.