ಬೆಳೆ ಒಣಗಿತು, ಪರಿಹಾರ ಎಲ್ಲಿ ನಿಂತಿತು?

ಹನೂರು ತಾಲ್ಲೂಕಿನ ಒಡೆಯರಪಾಳ್ಯ. ಸುತ್ತ ಕಾಡು, ನಡುವೆ ಮಳೆ ನಂಬಿದ ಹೊಲಗಳು. ಮುಸುಕಿನ ಜೋಳ ತೆನೆ ಕಟ್ಟೋ ಹೊತ್ತಲ್ಲಿ ಮಳೆ ಕೈಕೊಟ್ಟರೆ ಉಳಿಯೋದು ಬರೀ ದಂಟು.

ಇದು ಒಂದೂರಿನ ಕತೆಯಲ್ಲ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯ್ತು. ಕೇಂದ್ರದಿಂದ ಬರಬೇಕಾದ ಪರಿಹಾರಕ್ಕಾಗಿ ರಾಜ್ಯ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಬೇಕಾಯ್ತು. ಸುಮಾರು 3,454 ಕೋಟಿ ರೂಪಾಯಿ ಬಿಡುಗಡೆಯಾಗಿದ್ದು 2024ರ ಏಪ್ರಿಲ್‌ನಲ್ಲಿ. ಅಷ್ಟೊತ್ತಿಗೆ ಮುಂದಿನ ಮುಂಗಾರೇ ಹತ್ತಿರ ಬಂದಿತ್ತು!

ಆ ಬರದ ಹೊತ್ತಿನ ಪರಿಹಾರದ ನಿಯಮ ಕೇಳಿ. ಕನಿಷ್ಠ ಶೇ 33ರಷ್ಟು ಬೆಳೆ ಹಾಳಾಗಿರಬೇಕಿತ್ತು. ಮಳೆಯಾಶ್ರಿತ ಹೊಲಕ್ಕೆ ಹೆಕ್ಟೇರಿಗೆ 8,500 ರೂಪಾಯಿ, ನೀರಾವರಿಗೆ 17,000. ಅದೂ ಎರಡು ಹೆಕ್ಟೇರಿಗಷ್ಟೇ. ಅಂದರೆ ಒಂದೆಕರೆ ಒಣ ಜಮೀನಿಗೆ ಮೂರೂವರೆ ಸಾವಿರವೂ ಸಿಗುತ್ತಿರಲಿಲ್ಲ. ಇದು ತೀರಾ ಕಮ್ಮಿ.

ಈ ಹಣ ಬರೋದು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. ನಿಮ್ಮ ಸರ್ವೆ ನಂಬರು ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ಸೇರಿರಬೇಕು. ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇದ್ದರೆ? ಹಣ ಅಲ್ಲೇ ನಿಂತುಬಿಡುತ್ತೆ. ಗುತ್ತಿಗೆಗೆ ಉಳೋರ ಹೆಸರಂತೂ ಸಾಮಾನ್ಯವಾಗಿ ಪಹಣಿಯಲ್ಲೇ ಇರಲ್ಲ. ನಷ್ಟ ಅವರದು, ಪರಿಹಾರ ಮಾಲೀಕರದು. ಇದು ಸರಿಯಲ್ಲ.

ಬರ ಬರೋ ತನಕ ಕಾಯಬೇಡಿ. ಪಹಣಿ, ಆಧಾರ್, ಪಾಸ್‌ಬುಕ್ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ, ಫ್ರೂಟ್ಸ್ ಗುರುತಿನ ಸಂಖ್ಯೆ (ಎಫ್‌ಐಡಿ) ಮಾಡಿಸಿ. ತೀರಿಹೋದವರ ಜಮೀನು ವಾರಸುದಾರರ ಹೆಸರಿಗೆ ಮಾಡಿಸೋ ಪೌತಿ ಖಾತೆ ಬಾಕಿ ಇದ್ದರೆ ಗ್ರಾಮ ಆಡಳಿತಾಧಿಕಾರಿಯನ್ನು ಈ ವಾರವೇ ಕಾಣಿ.