ಪ್ರಶ್ನೆಯ ರೂಪದ ಪ್ರಾರ್ಥನೆ: ಸ್ವಿಚ್‌ಫುಟ್ ಮತ್ತೆ ಹಾಡಿದ ಆಲ್ಬಂ

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಸ್ಯಾನ್ ಡಿಯಾಗೊ ನಗರದ ಸ್ವಿಚ್‌ಫುಟ್ ಎಂಬ ರಾಕ್ ತಂಡವು 2003ರಲ್ಲಿ ಹೊರತಂದಿದ್ದ ‘ದಿ ಬ್ಯೂಟಿಫುಲ್ ಲೆಟ್‌ಡೌನ್’ ಆಲ್ಬಮನ್ನು, ಅದಕ್ಕೆ ಇಪ್ಪತ್ತು ವರ್ಷ ತುಂಬಿದ 2023ರಲ್ಲಿ, ಮೊದಲ ಹಾಡಿನಿಂದ ಕೊನೆಯ ಹಾಡಿನವರೆಗೆ ಹೊಸದಾಗಿ ನುಡಿಸಿ ‘ಅವರ್ ವರ್ಷನ್’ ಎಂಬ ಅಡಿಶೀರ್ಷಿಕೆಯೊಂದಿಗೆ ಪ್ರಕಟಿಸಿತು. ಹನ್ನೊಂದು ಹಾಡುಗಳ ಈ ಆಲ್ಬಂ ಕ್ರಿಶ್ಚಿಯನ್ ರಾಕ್ ಎಂಬ ಪ್ರಕಾರದೊಳಗಿನಿಂದಲೇ ಹುಟ್ಟಿ ಅದರ ಬೇಲಿಯನ್ನು ದಾಟಿದ ಕೃತಿಯಾದ್ದರಿಂದ, ಅದರ ಬೆಲೆ ತಿಳಿಯಬೇಕಾದರೆ ಆ ಬೇಲಿ ಎದ್ದ ಬಗೆಯನ್ನು ಮೊದಲು ಗಮನಿಸಬೇಕಾಗುತ್ತದೆ.

ವಿದ್ಯುತ್ ಗಿಟಾರ್, ಡ್ರಮ್ಸ್ ಮತ್ತು ಏರುದನಿಯ ಗಾಯನವನ್ನು ಕ್ರೈಸ್ತ ನಂಬಿಕೆಯ ಅಭಿವ್ಯಕ್ತಿಗೆ ಬಳಸುವ ಸಂಗೀತವೇ ಕ್ರಿಶ್ಚಿಯನ್ ರಾಕ್. 1960ರ ದಶಕದ ಕೊನೆಯಲ್ಲಿ ಕ್ಯಾಲಿಫೋರ್ನಿಯಾದ ಹಿಪ್ಪಿ ಯುವಜನರಲ್ಲಿ ಅನೇಕರು ಯೇಸುವಿನತ್ತ ಹೊರಳಿದ ‘ಜೀಸಸ್ ಚಳವಳಿ’ಯ ಕಾಲದಲ್ಲಿ ಅದು ರೂಪುಗೊಂಡಿತು, ಲ್ಯಾರಿ ನಾರ್ಮನ್ 1969ರಲ್ಲಿ ತಂದ ‘ಅಪಾನ್ ದಿಸ್ ರಾಕ್’ ಅದರ ಆರಂಭದ ಆಲ್ಬಂಗಳಲ್ಲಿ ಮುಖ್ಯವಾದುದು. ಹಲವು ಚರ್ಚುಗಳಿಗೆ ಈ ಸದ್ದು ಸೈತಾನನದಾಗಿ ಕೇಳಿಸಿದರೆ, ರಾಕ್ ರಸಿಕರಿಗೆ ಇದರ ಮಾತು ಪಾದ್ರಿಯ ಬೋಧನೆಯಾಗಿ ಕೇಳಿಸಿತು. ಇಬ್ಬರಿಗೂ ಬೇಡವಾದ ಈ ಸಂಗೀತ ತನ್ನದೇ ಧ್ವನಿಮುದ್ರಣ ಕಂಪನಿಗಳು, ರೇಡಿಯೊ ಕೇಂದ್ರಗಳು, ಅಂಗಡಿಗಳು ಮತ್ತು ಪ್ರಶಸ್ತಿಗಳನ್ನು ಕಟ್ಟಿಕೊಂಡು ಕ್ರಮೇಣ ಒಂದು ಪ್ರತ್ಯೇಕ ಮಾರುಕಟ್ಟೆಯಾಯಿತು. ಸುರಕ್ಷಿತವಾದರೂ ಇಕ್ಕಟ್ಟಾದ ಆ ಮಾರುಕಟ್ಟೆಯಲ್ಲಿ ಹಾಡುಗಳು ಈಗಾಗಲೇ ನಂಬಿದವರನ್ನೇ ಮತ್ತೆ ಮತ್ತೆ ನಂಬಿಸತೊಡಗಿದವು.

ಜಾನ್ ಫೋರ್ಮನ್, ಅವರ ತಮ್ಮ ಟಿಮ್ ಮತ್ತು ಡ್ರಮ್ ವಾದಕ ಚಾಡ್ ಬಟ್ಲರ್ 1996ರಲ್ಲಿ ಕಟ್ಟಿದ ಈ ತಂಡದ ಮೊದಲ ಮೂರು ಆಲ್ಬಂಗಳೂ ಅದೇ ಮಾರುಕಟ್ಟೆಯಲ್ಲಿ ಹೊರಬಂದವು. ಆದರೆ 1999ರ ಆಲ್ಬಮಿನಲ್ಲೇ ಡೆನ್ಮಾರ್ಕಿನ ತತ್ತ್ವಜ್ಞಾನಿ ಸೋರೆನ್ ಕಿರ್ಕೆಗಾರ್ಡ್ ಮತ್ತು ಸಂತ ಅಗಸ್ಟಿನ್ ಇಬ್ಬರನ್ನೂ ನೆನೆಯುವ ಹಾಡುಗಳಿದ್ದುದು, ಈ ಯುವಕರ ಓದು ಭಜನೆಯ ಪುಸ್ತಕಕ್ಕೆ ಸೀಮಿತವಾಗಿರಲಿಲ್ಲವೆಂಬುದನ್ನು ಸೂಚಿಸುತ್ತದೆ. 2002ರ ‘ಎ ವಾಕ್ ಟು ರಿಮೆಂಬರ್’ ಚಲನಚಿತ್ರವು ಅವರ ಹಾಡುಗಳನ್ನು ಹೊರಗಿನ ಕಿವಿಗಳಿಗೆ ಮುಟ್ಟಿಸಿತು. ಮರುವರ್ಷ ಕೊಲಂಬಿಯಾ ಎಂಬ ಧ್ವನಿಮುದ್ರಣ ಕಂಪನಿಯ ಮೂಲಕ ಬಂದ ‘ದಿ ಬ್ಯೂಟಿಫುಲ್ ಲೆಟ್‌ಡೌನ್’ 20 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು.

ಮಾರಾಟಕ್ಕಿಂತ ಮುಖ್ಯವಾದುದು, ಇಲ್ಲಿ ನಂಬಿಕೆಯು ಘೋಷಣೆಯಾಗಿ ಅಲ್ಲದೆ ಅತೃಪ್ತಿಯಾಗಿ ಕಾಣಿಸಿಕೊಳ್ಳುವ ರೀತಿ. ಆರಂಭದ ‘ಮೆಂಟ್ ಟು ಲಿವ್’ ಹಾಡಿಗೆ ಟಿ. ಎಸ್. ಎಲಿಯಟ್‌ನ ‘ದಿ ಹಾಲೋ ಮೆನ್’ ಕವಿತೆಯ ಪ್ರೇರಣೆಯಿದೆ. ಗಿಟಾರಿನ ಭಾರವಾದ ‘ರಿಫ್’, ಅಂದರೆ ಹಾಡಿನುದ್ದಕ್ಕೂ ಮರಳಿ ಮರಳಿ ಬರುವ ಸ್ವರಗುಚ್ಛ, ಕುಸಿದುಹೋದ ಒಬ್ಬ ಮನುಷ್ಯನ ಚಿತ್ರವನ್ನು ಹೊತ್ತು ಸಾಗುತ್ತದೆ. ಯೇಸುವಿನ ಹೆಸರೇ ಇಲ್ಲದ ಈ ಹಾಡು ಬದುಕು ಇಷ್ಟೇ ಇರಲಾರದೆಂಬ ಗುಮಾನಿಯನ್ನಷ್ಟೇ ಕೂಗಿ ಹೇಳುತ್ತದೆ. ಕನ್ನಡ ಬೈಬಲಿನ ‘ಕೀರ್ತನೆಗಳು’ ಭಾಗವನ್ನು ಓದಿದವರಿಗೆ ಈ ಧಾಟಿ ಹೊಸದಲ್ಲ, ಏಕೆಂದರೆ ಅಲ್ಲಿಯೂ ಸ್ತುತಿಯ ಪಕ್ಕದಲ್ಲೇ ಮೊರೆಯೂ ಮುನಿಸೂ ಇವೆ. ‘ಗಾನ್’ ಹಾಡು ಸಿನಾಟ್ರಾ, ಎಲ್ವಿಸ್‌ರಂಥ ಖ್ಯಾತರ ಹೆಸರು ಹಿಡಿದು ಎಲ್ಲವೂ ಕಳೆದುಹೋಗುವುದೆಂದು ಹೇಳುವಾಗ ಬೈಬಲಿನದೇ ‘ಪ್ರಸಂಗಿ’ ಗ್ರಂಥದ ವೈರಾಗ್ಯವೇ ಕುಣಿತದ ಲಯದಲ್ಲಿ ಬಂದಂತಾಗುತ್ತದೆ. ‘ಆ್ಯಡಿಂಗ್ ಟು ದಿ ನಾಯ್ಸ್’ ಇನ್ನೂ ಚತುರವಾಗಿದ್ದು, ಲೋಕದ ಗದ್ದಲಕ್ಕೆ ತಾನೂ ಒಂದಿಷ್ಟು ಸೇರಿಸುತ್ತಿದ್ದರೆ ತನ್ನನ್ನೇ ನಿಲ್ಲಿಸಿಬಿಡಿ ಎಂದು ಕೇಳುಗನಿಗೆ ಹೇಳುತ್ತದೆ. ಪ್ರಚಾರ ಗೀತೆಯೊಂದು ಹಾಗೆ ಹೇಳುವುದು ಕಷ್ಟ. ಎಲ್ಲ ಹಾಡುಗಳೂ ಈ ಮಟ್ಟದವಲ್ಲ: ‘ರಿಡೆಂಪ್ಷನ್’ನಲ್ಲಿ ಪ್ರಶ್ನೆ ಬಲಿಯುವ ಮೊದಲೇ ಉತ್ತರ ಬಂದು ಕೂರುತ್ತದೆ, ‘ಮೋರ್ ದ್ಯಾನ್ ಫೈನ್’ ಕೇವಲ ಹಿತವಾಗಿದೆ.

ಹಳೆಯದನ್ನೇ ಮತ್ತೆ ಹಾಡುವುದಕ್ಕೆ ವ್ಯಾವಹಾರಿಕ ಹಿನ್ನೆಲೆಯೊಂದಿದೆ. ಮೂಲ ಧ್ವನಿಮುದ್ರಿಕೆಗೆ ‘ಮಾಸ್ಟರ್’ ಎಂಬ ಹೆಸರಿದ್ದು, ಅದರ ಒಡೆತನ ಸಾಮಾನ್ಯವಾಗಿ ಕಂಪನಿಯ ಕೈಯಲ್ಲಿರುತ್ತದೆ. ಹೊಸದಾಗಿ ಮುದ್ರಿಸಿದರೆ ಆ ಮುದ್ರಣ ಕಲಾವಿದರದಾಗಬಲ್ಲದು. ಗಾಯಕಿ ಟೇಲರ್ ಸ್ವಿಫ್ಟ್ ಈ ದಾರಿಯನ್ನು ಜಗಜ್ಜಾಹೀರು ಮಾಡಿದ್ದಾರೆ. (ಕಂಪನಿಯ ಹಿಡಿತದೊಂದಿಗೆ ಸ್ವಿಚ್‌ಫುಟ್‌ಗೆ ಹಳೆಯ ತಕರಾರಿತ್ತು: 2005ರ ಆಲ್ಬಮಿನ ಸಿ.ಡಿ.ಗೆ ಕಂಪನಿ ನಕಲುತಡೆ ತಂತ್ರ ಅಳವಡಿಸಿದಾಗ, ಅದನ್ನು ದಾಟುವ ವಿಧಾನವನ್ನು ಟಿಮ್ ಫೋರ್ಮನ್ ಅವರೇ ಅಭಿಮಾನಿಗಳಿಗೆ ಬರೆದು ತಿಳಿಸಿದ್ದರು.)

ಹೊಸ ಮುದ್ರಣವು ಮೂಲಕ್ಕೆ ಅತಿಯಾಗಿ ನಿಷ್ಠವಾಗಿದೆಯೆಂಬ ಆಕ್ಷೇಪದಲ್ಲಿ ಹುರುಳಿಲ್ಲದಿಲ್ಲ, ಏಕೆಂದರೆ ವಾದ್ಯಗಳ ಹೆಣಿಗೆ ಹೆಚ್ಚುಕಡಿಮೆ ಹಾಗೆಯೇ ಉಳಿದಿದೆ. ಆದರೆ ಕೊನೆಯ ‘ಟ್ವೆಂಟಿ ಫೋರ್’ನಲ್ಲಿ ಈ ನಿಷ್ಠೆಯೇ ಫಲ ಕೊಡುತ್ತದೆ. ಇಪ್ಪತ್ತನಾಲ್ಕರ ಹರೆಯದ ಸೋಲುಗಳನ್ನು ಎಣಿಸುತ್ತಾ ಒಳಗಿನ ಜಡತ್ವ ಎಚ್ಚರಗೊಳ್ಳಲೆಂದು ಬೇಡುವ ಆ ಮೆಲುದನಿಯ ಹಾಡನ್ನು ನಲವತ್ತಾರರ ಜಾನ್ ಫೋರ್ಮನ್ ಅದೇ ಪದಗಳಲ್ಲಿ ಹಾಡುವಾಗ, ಯೌವನದ ತಳಮಳವೆಂದು ಬದಿಗಿಡಬಹುದಾಗಿದ್ದ ಬೇಡಿಕೆ ಇನ್ನೂ ತೀರಿಲ್ಲವೆಂಬುದು ಸ್ಪಷ್ಟವಾಗುತ್ತದೆ. 2023ರಲ್ಲೇ ಬಂದ ವಿಸ್ತೃತ ಆವೃತ್ತಿಯಲ್ಲಿ ಇತರ ಕಲಾವಿದರು ಈ ಹಾಡುಗಳನ್ನು ತಮ್ಮ ಧಾಟಿಯಲ್ಲಿ ಹಾಡಿದ್ದು, ‘ಮೆಂಟ್ ಟು ಲಿವ್’ ಅಲ್ಲಿ ಜನಪ್ರಿಯ ಪಾಪ್ ತಂಡವಾದ ಜೋನಸ್ ಬ್ರದರ್ಸ್ ಅವರ ಪಾಲಿಗೆ ಬಂದಿದೆ.